ಟೈಲರಕ್ಕನ ಬಾಳೆನಾರು

ಇವತ್ತು ಬೆಳಿಗ್ಗೆ ಟೆರೇಸಿನ ಜೇನುಪೆಟ್ಟಿಗೆಯ ಬಾಗಿಲಲ್ಲಿ ಬಾಳೆನಾರಿನ ತುಂಡುಗಳು ಬಿದ್ದಿದ್ದವು. ಒಂದನ್ನು ಹೆಕ್ಕಿ ಮೂಸಿದೆ. ಮೇಣದ ವಾಸನೆ, ಅದರಡಿಯಲ್ಲಿ ಸ್ವಲ್ಪ ಹೊಗೆ... ಅಷ್ಟರಲ್ಲಿ ಒಂದು ಹುಳ ಬಂದು ತುಟಿಗೇ ಕಚ್ಚಿತು. ಕಚ್ಚಲಿ. ಈ ತುಟಿಗೆ ಅದು ಹೊಸತಲ್ಲ.

ವರ್ಷಗಳ ಹಿಂದೆ ಗಲ್ಫ್ ಕೆಲಸ ಬಿಟ್ಟು ಬಂದು ಮಾಣಿ ಜಂಕ್ಷನ್ನಿನಲ್ಲಿ ಝೆರಾಕ್ಸ್ ಅಂಗಡಿ ಹಾಕಿದ್ದೆ. ಪಕ್ಕದ ಕೋಣೆಯಲ್ಲಿ ಟೈಲರಕ್ಕ. ನನಗಿಂತ ಹತ್ತು ವರ್ಷ ದೊಡ್ಡವರು, ಕಕ್ಕಿಂಜೆ ಕಡೆಯವರು. ಅಳತೆ ಟೇಪು ಅವರ ಕುತ್ತಿಗೆಯಿಂದ ಇಳಿದದ್ದನ್ನು ನಾನು ನೋಡಿಲ್ಲ. ಹೇಳಿದ ದಿನಕ್ಕೆ ರವಿಕೆ ಕೊಡುತ್ತಿರಲಿಲ್ಲ, ಕೇಳಿದರೆ ಗಿರಾಕಿಗೇ ಬೈಗುಳ. ಆದರೂ ಹೆಂಗಸರೆಲ್ಲ ಅಲ್ಲಿಗೇ ಬರುತ್ತಿದ್ದರು. ಅದೇನು ಮೋಡಿಯೋ, ಅಲ್ಲಾಹನೇ ಬಲ್ಲ.

ಒಂದು ದಿನ ಕಟ್ಟಡದ ಹಿಂದಿನ ಹಳೆಯ ಮೀಟರ್ ಪೆಟ್ಟಿಗೆಯೊಳಗೆ ತುಡುವೆ ಜೇನು ಮೇಣದ ಎರಿ ಕಟ್ಟಿದ್ದು ಕಟ್ಟಡದ ಧಣಿಯ ಕಣ್ಣಿಗೆ ಬಿತ್ತು. ಸಂಜೆ ತೆಂಗಿನ ಗರಿಯ ಸೂಟೆ ತರುತ್ತೇನೆ, ಸುಟ್ಟುಬಿಡುವ ಅಂದ. ಟೈಲರಕ್ಕ ಮೆಷಿನ್ನಿನಿಂದ ಎದ್ದರು.

"ಸುಡ್ಲಿಕ್ಕೆ ಅವು ನಿಮಗೇನು ಮಾಡಿದ್ದಾವೆ? ನಾನು ಜೇನುಪೆಟ್ಟಿಗೆಗೆ ಕೂರಿಸ್ತೇನೆ."

ಧಣಿ ನಕ್ಕ. "ರವಿಕೆ ಹೊಲಿದ ಹಾಗಲ್ಲ ಅದು. ಯಾರಿಗಾದ್ರೂ ಒಂದು ಕಚ್ಚಲಿ, ನಾಳೆಯೇ ಅಂಗಡಿ ಖಾಲಿ ಮಾಡ್ಬೇಕು."

"ಆಯ್ತು," ಅಂದುಬಿಟ್ಟರು ಪುಣ್ಯಾತ್ಗಿತ್ತಿ! ಗಂಡ ಇಲ್ಲದ ಆ ಸಂಸಾರಕ್ಕೆ ಇದ್ದದ್ದು ಅದೊಂದು ಅಂಗಡಿ, ಅದೊಂದು ಮೆಷಿನು. ನನಗೆ ಸಿಟ್ಟು ನೆತ್ತಿಗೇರಿತು, ಧಣಿಯ ಮೇಲಲ್ಲ, ಅವರ ಮೇಲೆ. ನಾಲ್ಕು ಹುಳಕ್ಕೋಸ್ಕರ ಅನ್ನವನ್ನೇ ಪಣಕ್ಕಿಡುವುದೇ? ಬೈಯಲಿಕ್ಕೆಂದು ಹೋದವನ ಕೈಗೆ ಅವರು ಬಾಳೆನಾರಿನ ಕಟ್ಟು ಕೊಟ್ಟರು.

ಮನೆಯಲ್ಲಿ ಜೇನು ಸಾಕಿ ಗೊತ್ತಿದ್ದವರು ಅವರು; ಅಲ್ಲಿಂದ ಖಾಲಿ ಜೇನುಪೆಟ್ಟಿಗೆ ರಿಕ್ಷಾದಲ್ಲಿ ಬಂತು. ಮಸೀದಿಯಲ್ಲಿ ಇಳಿಹೊತ್ತಿನ ಅಸರ್ ಬಾಂಗ್ ಆಗುವಾಗ ಕೆಲಸ ಶುರು. ತೆಂಗಿನ ಸಿಪ್ಪೆಯ ಹೊಗೆ ಕೊಟ್ಟು, ಬರಿಗೈಯಲ್ಲಿ ಎರಿಗಳನ್ನು ಒಂದೊಂದಾಗಿ ಕೊಯ್ದು ಕೊಟ್ಟರು. ಮರಿ ಇರುವ ಎರಿಯನ್ನು ಮರದ ಚೌಕಟ್ಟಿಗೆ ನಾರಿನಿಂದ ಕಟ್ಟುವುದು ನನ್ನ ಕೆಲಸ. ಅಂಗಡಿ ತುಂಬ ನೂಲು ಉಂಟಲ್ಲ, ಈ ನಾರು ಯಾಕೆ ಅಂತ ಕೇಳಿದೆ.

"ನಾರೇ ಆಗ್ಬೇಕು. ಎರಿಯನ್ನು ಅವು ತಾವೇ ಚೌಕಟ್ಟಿಗೆ ಅಂಟಿಸಿಕೊಂಡ ಮೇಲೆ ಇದನ್ನು ಕಡಿದು ಹೊರಗೆ ಬಿಸಾಡ್ತಾವೆ. ಹಾಗೆ ಬಿಸಾಡಿದ್ರೆ ಪೆಟ್ಟಿಗೆಯಲ್ಲಿ ನಿಂತ ಹಾಗೆ," ಅಂದರು.

ರಾಣಿಯನ್ನು ಎರಡು ಬೆರಳಲ್ಲಿ ಎತ್ತಿ ಪೆಟ್ಟಿಗೆಗೆ ಬಿಟ್ಟರು. ಉಳಿದವು ಹಿಂದೆಯೇ ಸಾಲುಗಟ್ಟಿ ಒಳಗೆ ಹೋದವು. ಗೆದ್ದೆವು ಅಂದುಕೊಂಡೆ. ಎಲ್ಲಿಯ ಗೆಲ್ಲುವುದು! ಸ್ವಲ್ಪ ಹೊತ್ತಿಗೆ ಹುಳಗಳೆಲ್ಲ ಗುಯ್ಯೆಂದು ಹೊರಗೆ ಬರತೊಡಗಿದವು. ಟೈಲರಕ್ಕ ಮುಚ್ಚಳ ತೆಗೆದು ನೋಡಿ, ತಲೆಯೆತ್ತಿ ನನ್ನನ್ನು ನೋಡಿದರು. ಒಂದು ಎರಿಯನ್ನು ನಾನು ತಲೆಕೆಳಗಾಗಿ ಕಟ್ಟಿದ್ದೆ. ಜೇನು ಸೋರಿ ತಳವೆಲ್ಲ ಅಂಟಂಟಾಗಿತ್ತು.

"ಬ್ಯಾರಿಗಳೇ, ನಿಮ್ಮ ಮನೆಯ ಮಾಡು ಅಡಿಯಲ್ಲಿ, ನೆಲ ಮೇಲೆ ಮಾಡಿದ್ರೆ ನೀವು ಕೂರ್ತೀರಾ ಮಾರಾಯ್ರೇ?"

ಹೊತ್ತು ಇಳಿಯುತ್ತಿತ್ತು. ಬಿಚ್ಚಿ, ಒರೆಸಿ, ಮತ್ತೆ ನೇರ ಕಟ್ಟಿದೆ. ಆ ಗಡಿಬಿಡಿಯಲ್ಲೇ ಒಂದು ಹುಳ ನನ್ನ ತುಟಿಗೆ ಕಚ್ಚಿದ್ದು.

ಧಣಿ ಸೂಟೆ ಹಿಡಿದು ಬರುವಾಗ ಮೀಟರ್ ಪೆಟ್ಟಿಗೆ ಖಾಲಿ. ಹುಳಗಳೆಲ್ಲ ಮತ್ತೆ ಒಳಗೆ ಸೇರಿ ಜೇನುಪೆಟ್ಟಿಗೆ ಮೂಲೆಯಲ್ಲಿ ತಣ್ಣಗೆ ಕೂತಿತ್ತು. ಅವನ ಕಣ್ಣು ಮಾತ್ರ ನನ್ನ ಮುಖದ ಮೇಲೆ.

"ಏನದು ತುಟಿ? ಕಚ್ಚಿತಾ?"

ಟೈಲರಕ್ಕ ಟೇಪು ಹಿಡಿದುಕೊಂಡು ನೆಲ ನೋಡುತ್ತಿದ್ದರು. ಸುಳ್ಳು ಹೇಳುವ ಹೆಂಗಸಲ್ಲ ಅದು. ಇನ್ನೊಂದು ಸಲ ಕೇಳಿದ್ದರೆ ಇದ್ದದ್ದನ್ನೇ ಹೇಳಿ ಅಂಗಡಿ ಕಳೆದುಕೊಳ್ಳುತ್ತಿದ್ದರು.

"ಹಲ್ಲುನೋವು," ಅಂದೆ. "ಬೆಳಿಗ್ಗೆಯಿಂದ ಉಂಟು."

ಅವನಿಗೆ ಗೊತ್ತಾಗದೆ ಇರುತ್ತದಾ? ಗೊತ್ತಾಯಿತು. ಆದರೆ ನನ್ನ ಬಾಯಿ ಬಿಡಿಸಿ ಹಲ್ಲು ಎಣಿಸಲಿಕ್ಕೆ ಆಗುತ್ತದಾ! ಸೂಟೆ ಬಿಸಾಡಿ ಹೋದ. ಆ ಒಂದು ಸುಳ್ಳಿಗೆ ನಾನು ಇವತ್ತಿನವರೆಗೆ ಅಲ್ಲಾಹನ ಮುಂದೆ ತೌಬಾ ಮಾಡಿಲ್ಲ, ಮಾಡುವುದೂ ಇಲ್ಲ.

ಅವನು ತಿರುವು ದಾಟಿದ ಮೇಲೆ ಟೈಲರಕ್ಕ ನಕ್ಕರು ನೋಡಿ... ಮೆಷಿನ್ನಿನ ಮೇಲೆ ತಲೆಯಿಟ್ಟು, ಕಣ್ಣಲ್ಲಿ ನೀರು ಬರುವಷ್ಟು. ಮತ್ತೆ ಎಷ್ಟೋ ವರ್ಷ ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಅದೇ ಪ್ರಶ್ನೆ: "ಹಲ್ಲುನೋವು ಹೇಗುಂಟು?" ಕೊನೆಗೆ ಆಸ್ಪತ್ರೆಯಲ್ಲಿ ಮಾತಾಡಲಿಕ್ಕೆ ಉಸಿರು ಸಾಲದಿದ್ದಾಗಲೂ ನನ್ನನ್ನು ನೋಡಿ ಬೆರಳಿನಿಂದ ಹಲ್ಲು ತೋರಿಸಿದರು. ಹೊರಗೆ ಬಂದು ಬಸ್‌ಸ್ಟ್ಯಾಂಡಿನಲ್ಲಿ ನಿಂತು ನಾನು ಅತ್ತೆ. ಜನ ನೋಡಿದರು, ನೋಡಲಿ.

ಕಳೆದ ವಾರ ಬಂಟ್ವಾಳದ ನಮ್ಮ ಬೀದಿಯಲ್ಲಿ ಯಾರದೋ ಪಾಳು ಅಂಗಡಿಯ ಗೋಡೆಯಲ್ಲಿ ತುಡುವೆ ಸಿಕ್ಕಿತು. ಮತ್ತೆ ಅದೇ ಮಾತು, ಸುಟ್ಟುಬಿಡುವ. ಅಡ್ಡ ನಿಂತೆ. ಕಚ್ಚಿದರೆ ನನ್ನ ಬಾಗಿಲಿಗೆ ಬಂದು ಕೇಳಿ ಅಂದೆ. ಮೊದಲ ಬಾರಿಗೆ ಒಬ್ಬನೇ ಕೂತು, ಪ್ರತಿ ಎರಿಯ ಮೇಲು ಕೆಳಗು ಎರಡೆರಡು ಸಲ ನೋಡಿ ಕಟ್ಟಿ, ಪೆಟ್ಟಿಗೆಯನ್ನು ಟೆರೇಸಿಗೆ ಏರಿಸಿದೆ. ಆ ನಾರನ್ನೇ ಅವು ಇವತ್ತು ಕಡಿದು ಹೊರಗೆ ಹಾಕಿದ್ದು.

ತುಂಡುಗಳನ್ನು ಕಿಸೆಗೆ ಹಾಕಿ ಕೆಳಗೆ ಬಂದೆ. ಚಹಾ ಕೊಡುತ್ತಾ ಹೆಂಡತಿ ಕೇಳಿದಳು, "ನಿಮ್ಮ ತುಟಿಗೆ ಏನಾಯ್ತು?"

"ಹಲ್ಲುನೋವು," ಅಂದೆ.

ಅವಳು ಲವಂಗ ಹುಡುಕಲಿಕ್ಕೆ ಒಳಗೆ ಹೋದಳು. ನಗಬೇಕಾದವರು ಇರಲಿಲ್ಲ.