ಹಿಂದೆ ಹೇಳುವವರು

ನನ್ನ ನಾಲಿಗೆ ಉದ್ದ ಎಂದು ಮನೆಯವರು ಆಡಿಕೊಳ್ಳುತ್ತಾರೆ. ಶಾಲೆಯಲ್ಲಿ ಅಷ್ಟು ವರ್ಷ ಟೀಚರಾಗಿದ್ದವಳಿಗೆ ಎಲ್ಲರಿಗೂ ಅಪ್ಪಣೆ ಕೊಟ್ಟೇ ಅಭ್ಯಾಸ. ನಿವೃತ್ತಳಾದ ಮೇಲೆ ಶಿಕಾರಿಪುರದ ಸಮುದಾಯ ಭವನದಲ್ಲಿ ಭಾನುವಾರ ಬೆಳಿಗ್ಗೆ ಹೆಣ್ಣುಮಕ್ಕಳಿಗೆ ಸೋಬಾನೆ ಪದ ಕಲಿಸುವ ತರಗತಿ ಶುರುಮಾಡಿದೆ. ಶುಲ್ಕವಿಲ್ಲ, ಬರುವ ಮನಸ್ಸಿದ್ದರೆ ಸಾಕು. ಅಂಜನಾಪುರ, ಈಸೂರಿನಿಂದಲೂ ಹುಡುಗಿಯರು ಬರುತ್ತಿದ್ದರು. ಮದುವೆಮನೆಗಳಲ್ಲಿ ಈಗ ಸ್ಪೀಕರಿನದೇ ಗದ್ದಲ. ಈ ಹಾಡುಗಳು ನಮ್ಮ ಕಾಲಕ್ಕೇ ಮುಗಿದುಹೋಗುತ್ತವೆ ಎಂಬ ಭಯ ನನಗೆ ನಿಜವಾಗಿಯೂ ಇತ್ತು.

ಕಲಿಸಲು ಸೊರಬದ ಕಡೆಯ ಹಳ್ಳಿಯಿಂದ ಒಬ್ಬ ಅಜ್ಜಿಯನ್ನು ಕರೆಸಿದೆ. ಬಸ್ಸಿನಿಂದ ಇಳಿದವರು ಇಬ್ಬರು. ಸೋಬಾನೆಯಲ್ಲಿ ಒಬ್ಬರು ಮುಂದೆ ಹೇಳುತ್ತಾರೆ, ಇನ್ನೊಬ್ಬರು ಅದೇ ಸಾಲನ್ನು ಹಿಂದೆ ಎತ್ತಿಕೊಳ್ಳುತ್ತಾರೆ. ನಾನು ಕರೆದದ್ದು ಮುಂದೆ ಹೇಳುವವರನ್ನು. ಜೊತೆಗೆ ಬಂದವರು ಅವರ ಗೆಳತಿ, ಹಿಂದೆ ಹೇಳುವವರು. ಇಬ್ಬರೂ ಒಂದೇ ವರ್ಷ ಆ ಊರಿಗೆ ಸೊಸೆಯರಾಗಿ ಬಂದವರಂತೆ, ಅವತ್ತಿನಿಂದ ಜೋಡಿ.

"ಹಿಂದೆ ಹೇಳೋಕೆ ನಮ್ ಹುಡುಗೀರೇ ಇದಾರಲ್ಲ, ನೀವ್ಯಾಕೆ ಸುಮ್ನೆ ಬಸ್ಸಲ್ಲಿ ಒದ್ದಾಡ್ತೀರಿ?" ಎಂದು ಗೆಳತಿಗೆ ಅಂದೆ. ಉಪಕಾರ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ.

"ಹೌದು ಬಿಡ್ರೀ," ಎಂದು ನಕ್ಕರು. ಮುಂದಿನ ವಾರ ಬರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನನಗೆ ಹೋದದ್ದೂ ಗೊತ್ತಾಗಲಿಲ್ಲ.

ಒಬ್ಬರೇ ಬಂದ ಅಜ್ಜಿ, ಮದುಮಗಳನ್ನು ಹಸೆಗೆ ಕರೆಯುವ ಹಾಡು ಎತ್ತಿಕೊಂಡರು. ಮೂರು ನುಡಿ ಸೊಗಸಾಗಿ ಬಂತು. ನಾಲ್ಕನೆಯದಕ್ಕೆ ನಿಂತರು. ಬೇರೆ ಹಾಡು ಹಿಡಿದರೆ ಅಲ್ಲೂ ಅದೇ ಪಾಡು. ಹುಡುಗಿಯರು ಮುಖ ಮುಖ ನೋಡಿಕೊಂಡರು.

"ಅವ್ಳಿದ್ರೆ ಬರ್ತದೆ ಟೀಚರ್ರೇ," ಎಂದರು ಅಜ್ಜಿ.

ಜೊತೆಯಿಲ್ಲದೆ ಬೇಜಾರು, ಅಷ್ಟೇ ಎಂದುಕೊಂಡೆ. ವಯಸ್ಸಾಯಿತು ಎಂದೂ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ. ವಾರ ವಾರವೂ ಹೀಗೇ ಆದಾಗ ನಾನೇ ಸೊರಬದ ಬಸ್ಸು ಹತ್ತಿದೆ.

ಗೆಳತಿ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. "ಹಿಂದೆ ಹೇಳೋಳ್ನ ಹುಡ್ಕೊಂಡು ಇಷ್ಟು ದೂರ ಬಂದ್ರಾ?" ಎಂದು ಕಾಲೆಳೆದರು. ತಪ್ಪಾಯಿತು ಎನ್ನಬೇಕಿತ್ತು ನಾನು. "ಅವರಿಗೆ ಜೊತೆ ಬೇಕಂತೆ, ಬನ್ನಿ," ಎಂದೆ.

"ಸುಗ್ಗಿ ಮುಗೀಲಿ, ನೋಡಣ," ಎಂದು ಮಜ್ಜಿಗೆ ಕೊಟ್ಟರು.

ಸುಗ್ಗಿ ಮುಗಿಯುವ ಮೊದಲೇ ಜ್ವರ ಬಂದು ಹೋಗಿಬಿಟ್ಟರು. ಎಲ್ಲರಿಗೂ ಬುದ್ಧಿ ಹೇಳುವ ನಾನು ಆ ಒಂದು ಮಾತನ್ನು ಬಾಯಲ್ಲೇ ಇಟ್ಟುಕೊಂಡು ಕೂತೆ. ಅವತ್ತು ತುಂಬ ಅತ್ತೆ.

ತಿಂಗಳ ನಂತರ ಅಜ್ಜಿ ತಾವಾಗಿಯೇ ತರಗತಿಗೆ ಬಂದರು. ಚೆನ್ನಾಗಿ ಹಾಡುವ ಇಬ್ಬರು ಹುಡುಗಿಯರನ್ನು ಅವರ ಹಿಂದೆ ಕೂರಿಸಿದೆ. ಅಜ್ಜಿ ಹೇಳಿದ್ದನ್ನು ಹುಡುಗಿಯರು ಒಂದಿಷ್ಟೂ ತಪ್ಪದೆ ಎತ್ತಿಕೊಂಡರು. ಮೂರನೇ ನುಡಿ ಮುಗಿಯಿತು. ಅಜ್ಜಿ ಕಿವಿಗೊಟ್ಟು ಕಾದರು. ಅವರು ಮುಂದೆ ಹೇಳಲಿ ಎಂದು ಹುಡುಗಿಯರೂ ಕಾದರು.

"ಚಲೋ ಹಾಡ್ತಾವೆ," ಎಂದು ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಆದ್ರೆ ನಾ ಹೇಳಿದ್ದಷ್ಟೇ ಹೇಳ್ತಾವೆ. ಅವ್ಳು ಸಾಲು ಮುಗ್ಸೋವಾಗ ಮುಂದಿನ ನುಡಿದು ಮೊದಲ್ನೇ ಮಾತು ನನ್ ಕಿವೀಲಿ ಹಾಕೋಳು. ಹಾಡೆಲ್ಲ ಅವ್ಳ ಹತ್ರಾನೇ ಇತ್ತು ಕಣ್ರೀ. ನಂದು ಬರೀ ಗಂಟ್ಲು."