ಬಂತು ಬಂತು ಎಂದು ಕೂಗಿದ ಬೀದಿ

ನಾವು ಹುಬ್ಬಳ್ಳಿ ಬಿಟ್ಟು ಪೀಣ್ಯಕ್ಕೆ ಬಂದ ಹೊಸತರಲ್ಲಿ ಒಂದು ಸಂಜೆ ಅಡುಗೆಮನೆಯ ದೀಪ ಆರಿತು. ನಡುಮನೆಯ ಫ್ಯಾನು ಮಾತ್ರ ತಿರುಗುತ್ತಲೇ ಇತ್ತು. ಬಲ್ಬು ಬದಲಿಸಿದೆ, ಹತ್ತಲಿಲ್ಲ. ಹೊರಗೆ ಬಂದರೆ ಎದುರು ಮನೆ ಕತ್ತಲು, ಅದರ ಪಕ್ಕದ ಮನೆಯಲ್ಲಿ ಝಗಝಗ ಬೆಳಕು. ಮನೆ ಓನರ್ ಹೆಂಡತಿ ಜಯಮ್ಮ ಜಗಲಿಯಿಂದಲೇ ಕೇಳಿದರು: "ಓಗಿರೋದು ಯಾವ ಪೇಸು?" ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಅವರು ನಕ್ಕ ನಗು ಬೀದಿಗೆಲ್ಲ ಕೇಳಿಸಿತು.

ನಮ್ಮ ಕಡೆ 'ಲೈಟ್ ಹೋದ್ವು' ಅಂದರೆ ಓಣಿಗೆ ಓಣಿಯೇ ಕತ್ತಲು. ಎಲ್ಲರೂ ಕಟ್ಟೆಗೆ ಬಂದು ಕೂಡುತ್ತಾರೆ. ಇಲ್ಲಿ ಕತ್ತಲೆಯಲ್ಲೂ ಪಾಲು. ಕಂಬದ ಮೇಲೆ ಕರೆಂಟು ಮೂರು ತಂತಿಗಳಲ್ಲಿ ಬರುತ್ತದೆ, ಒಂದೊಂದೂ ಒಂದೊಂದು ಫೇಸು, ಸಣ್ಣ ಮನೆಗೆ ಒಂದು ಸಾಕು, ಮೋಟಾರು ಇಟ್ಟವರಿಗೆ ಮೂರೂ ಬೇಕು ಎಂದು ಆ ರಾತ್ರಿ ನಮ್ಮವರು ಬಿಡಿಸಿ ಹೇಳಿದರು. ಇತಿಹಾಸದಲ್ಲಿ ಬಿ.ಎ. ಮಾಡಿದ ನನಗೆ ಅದುವರೆಗೆ ತಿಳಿದಿರಲಿಲ್ಲ. ಓನರ್ ಮನೆಗೆ ಮೂರೂ ಇದ್ದವು. ಅದರಲ್ಲಿ ಎರಡನ್ನು ನಮ್ಮ ಪಾಲಿನ ಕೋಣೆಗಳಿಗೆ ಹಂಚಿದ್ದರು.

ಬಿಳಿಜೋಳಕ್ಕೆ ಅಲೆದಾಡಿ ಸೋತೆ. ಮುದ್ದೆ ಗಂಟಲಲ್ಲಿ ಸಿಕ್ಕಿಕೊಂಡಾಗ "ಅಗೀಬೇಡ್ರಮ್ಮ, ನುಂಗಿ. ಅದ್ಕೇನು ಅಲ್ಲು ಬೇಕಾ?" ಎಂದು ಬೆನ್ನು ತಟ್ಟಿ ಕಲಿಸಿದವರು ಜಯಮ್ಮನೇ. ಮೊದಲ ಸಲ ಪೂರ್ತಿ ಮುದ್ದೆ ಇಳಿಸಿದ ದಿನ ಅಂಗಡಿಯವನಿಗೂ ಸುದ್ದಿ ಮುಟ್ಟಿಸಿದರು. ಅವನು ಮರುದಿನ "ಏನ್ರೀ ಅಕ್ಕಾರ, ನಮ್ಮೋರಾದ್ರಂತ?" ಎಂದು ನನ್ನ ರಾಗದಲ್ಲೇ ಅಣಕಿಸಿದ. ಅದು ನನಗೆ ಸಿಕ್ಕ ಪದವಿ ಎಂದುಕೊಂಡೆ. ಇದನ್ನೆಲ್ಲ ಯಾಕೆ ಹೇಳುತ್ತೇನೆಂದರೆ, ಮುಂದಿನದನ್ನು ಓದಿ ಅವರನ್ನು ರಾಕ್ಷಸರು ಅಂದುಕೊಳ್ಳಬೇಡಿ. ರಾಕ್ಷಸರಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಓನರ್ ಮುನಿವೆಂಕಟಪ್ಪನವರು ತಮ್ಮ ಹೊಲವನ್ನು ಸೈಟು ಮಾಡಿ ಮಾರಿದಾಗ ಒಂದನ್ನು ನಾವೂ ಕೊಂಡೆವು. ಕಟ್ಟಡಕ್ಕೆ ನೀರು ಅವರ ಬಾವಿಯಿಂದಲೇ. ಮುಂದಿನ ಕೋಣೆಯಲ್ಲಿ ಕಬ್ಬಿಣ ಕಡೆಯುವ ಒಂದು ಸಣ್ಣ ಲೇತ್ ಇಡಬೇಕೆಂಬುದು ಫ್ಯಾಕ್ಟರಿಯಲ್ಲಿ ಟರ್ನರ್ ಆಗಿದ್ದ ನಮ್ಮವರ ಆಸೆ. ಆದ್ದರಿಂದ ತ್ರೀ ಫೇಸ್. ವೈರಿಂಗ್ ಕಂಟ್ರಾಕ್ಟರ್ ಶಿವಣ್ಣ ಸಿಮೆಂಟು ಒಣಗದ ಗೋಡೆಯ ಮೇಲೆ ಬೆರಳಿನಿಂದಲೇ ನಕ್ಷೆ ಬರೆದ.

"ತ್ರೀ ಫೇಸ್ ಬಂದ್ರೆ ನೀವೇ ರಾಜ ಕಣ್ರೀ. ಒಂದು ಹೋದ್ರೆ ಇನ್ನೊಂದರಿಂದ ತುಂಡು ವೈರ್ ಕೊಟ್ಬಿಡೋದು. ಬೀದೀಲೆಲ್ಲ ಹಂಗೇ ಮಾಡ್ಕೊಂಡವ್ರೆ."

"ತುಂಡು ವೈರ್ ಬ್ಯಾಡ. ಚೇಂಜ್ ಓವರ್ ಸ್ವಿಚ್ ಹಾಕ್ರಿ," ಅಂದರು ನಮ್ಮವರು. ಆ ಸ್ವಿಚ್ಚು ಒಂದು ಹೊತ್ತಿಗೆ ಒಂದೇ ತಂತಿಯನ್ನು ಮನೆಗೆ ಸೇರಿಸುತ್ತದೆ, ಒಂದರದು ಇನ್ನೊಂದಕ್ಕೆ ದಾಟುವುದಿಲ್ಲ.

"ಸಾರ್, ಮನೆ ಕಟ್ತಿದೀರಾ, ಫ್ಯಾಕ್ಟರಿ ಕಟ್ತಿದೀರಾ?"

ಇಬ್ಬರೂ ನಕ್ಕರು. ಮಾತು ಅಲ್ಲಿಗೇ ನಿಂತಿತು.

ಆಮೇಲೊಂದು ಭಾನುವಾರ, ಟಿ.ವಿ.ಯಲ್ಲಿ ಸಿನಿಮಾ ಶುರುವಾಗುವ ಹೊತ್ತು. ಒಂದು ಫೇಸು ಹೋಯಿತು. ಲೈನ್‌ಮ್ಯಾನ್ ನಂಜುಂಡ ಬಂದು, ಟ್ರಾನ್ಸ್‌ಫಾರ್ಮರಿನಲ್ಲಿ ಆ ಫೇಸಿನ ಫ್ಯೂಸ್ ಕಿತ್ತು, ನಾವಿನ್ನೂ ಇದ್ದ ಬಾಡಿಗೆ ಮನೆಯೆದುರಿನ ಕಂಬ ಹತ್ತಿದ. ನಮ್ಮವರು ಕೆಳಗೆ ನಿಂತು ನೋಡುತ್ತಿದ್ದರು. ಮೀಟರ್ ಬೋರ್ಡು ಓನರಿಗೂ ನಮಗೂ ಸೇರಿದ ಜಗಲಿಯಲ್ಲಿತ್ತು. ನಾನು ಅಲ್ಲೇ ಕೂತು ಅಕ್ಕಿ ಆರಿಸುತ್ತಿದ್ದೆ. ಮುನಿವೆಂಕಟಪ್ಪ ಒಂದು ಕೆಂಪು ವೈರಿನ ತುಂಡು ಹಿಡಿದು ಬಂದರು.

"ಪಿಚ್ಚರ್ ಶುರುವಾಗೋಯ್ತದೆ ಕಣಮ್ಮ. ಇಂಗೆ ಕೊಟ್ರೆ ಅಂಗೆ ಬತ್ತದೆ, ನೋಡ್ತಿರಿ."

ಹಾಗೆ ಕೊಡುವ ಮೊದಲು ಸತ್ತ ಫೇಸಿನ ಫ್ಯೂಸನ್ನು ಮನೆಯಲ್ಲೂ ಕಿತ್ತಿಡಬೇಕಂತೆ. ಇಲ್ಲವಾದರೆ ಕರೆಂಟು ಮನೆಯೊಳಗಿಂದ ಹಿಂದಕ್ಕೆ ಹೊರಟು ಕಂಬ ಸೇರುತ್ತದೆ. ಅವರು ಕೀಳಲಿಲ್ಲ. ಫ್ಯೂಸಿಗೆ ಹಾಕಿದ್ದೂ ದಪ್ಪ ತಾಮ್ರದ ತಂತಿ, ಅದು ಸುಟ್ಟು ಕಡಿಯುವುದೂ ಇಲ್ಲ. ಇದು ನನಗೆ ತಿಳಿದದ್ದು ಆಮೇಲೆ. ಆಗ ಕೇಳಿಸಿದ್ದು ಇಷ್ಟೇ: ಎದುರು ಮನೆಯ ರೇಡಿಯೊ ತಟ್ಟನೆ ಹಾಡತೊಡಗಿತು. ಬೀದಿಯ ಅರ್ಧ ಮನೆಗಳಿಂದ "ಬಂತು! ಬಂತು!" ಎಂಬ ಕೂಗು, ಚಪ್ಪಾಳೆ. ಅದರ ನಡುವೆ ಕಂಬದ ಮೇಲಿಂದ ಇನ್ನೊಂದು ಕೂಗು. ಅದು ಮನುಷ್ಯನದು ಅನ್ನಿಸಲಿಲ್ಲ.

"ಮೇನ್ ತಗೀ! ಮೇನ್ ತಗೀ!" ನಮ್ಮವರು ಬೀದಿಯಿಂದ ಅರಚಿದರು. ಮುನಿವೆಂಕಟಪ್ಪ ಬೋರ್ಡಿನ ಮುಂದೆ ಕಲ್ಲಾಗಿ ನಿಂತಿದ್ದರು. ನಾನು ಅವರನ್ನು ನೂಕಿ ಮೇನ್ ಸ್ವಿಚ್ಚಿನ ಹಿಡಿ ಎಳೆದೆ. ಅದು ಬಿಗಿಯಾಗಿತ್ತು, ಇಳಿಯಲಿಲ್ಲ. ಜೋತುಬಿದ್ದು ಎಳೆದೆ. ಈಗಲೂ ನಿದ್ದೆಯಲ್ಲಿ ಆ ಹಿಡಿ ಇಳಿಯುವುದಿಲ್ಲ.

ರೇಡಿಯೊ ನಿಂತಿತು. "ಥೂ, ಮತ್ತೆ ಹೋಯ್ತು!" ಎಂದ ಯಾರೋ.

ನಂಜುಂಡ ಸೊಂಟದ ಹಗ್ಗದಲ್ಲಿ ನೇತಾಡುತ್ತಿದ್ದ. ಇಳಿಸಿದಾಗ ಉಸಿರಿತ್ತು. ಬಲಗೈ ಸುಟ್ಟು ಕಪ್ಪಾಗಿತ್ತು. ಆಸ್ಪತ್ರೆಗೆ ಸಾಗಿಸಿ ಬಂದು ನೋಡಿದರೆ ಬೋರ್ಡಿನಲ್ಲಿ ಆ ಕೆಂಪು ವೈರು ಇರಲಿಲ್ಲ.

ಮರುದಿನವೇ ಬೀದಿ ತನ್ನ ಕಥೆ ಕಟ್ಟಿತ್ತು. ತಪ್ಪು ಫ್ಯೂಸ್ ಕಿತ್ತವನೇ ನಂಜುಂಡ. ಸಂಜೆಯಾದ ಮೇಲೆ ಅದಕ್ಕೆ 'ಕುಡಿದಿದ್ದ' ಎಂಬುದೂ ಸೇರಿತು. ಆ ಮಾತು ನಿಂತರೆ ಅವನ ಕೆಲಸ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಕೈ ಸುಟ್ಟವನಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ? ನನ್ನ ಮೈ ಉರಿಯಿತು. ಚಪ್ಪಾಳೆ ತಟ್ಟಿದ ಕೈಗಳೇ ಈಗ ಅವನತ್ತ ಬೆರಳು ತೋರಿಸುತ್ತಿದ್ದವು.

ಜಯಮ್ಮ ಬಂದು ಪಕ್ಕದಲ್ಲಿ ಕೂತರು. "ನೀವು ಒಳಗಿದ್ರಿ ಅಲ್ವಾ? ಯಾರಾದ್ರೂ ಕೇಳಿದ್ರೆ ಅಂಗೇ ಏಳ್ಬುಡಿ. ನಮ್ಮ ಮನೆಯೋರು ಬೇಕಂತ ಮಾಡಿದ್ರಾ? ಅವನೇನು ಸತ್ನಾ?"

ನಮ್ಮವರೂ ಅದನ್ನೇ ಬೇರೆ ಮಾತಿನಲ್ಲಿ ಹೇಳಿದರು: "ಮಂದಿ ಊರಾಗ ನಮಗ್ಯಾಕ ಬೇಕು? ಬಾವಿ ಅವರದು."

ವಿಚಾರಣೆಗೆ ಒಬ್ಬ ಇಂಜಿನಿಯರ್ ಬಂದರು. ಜಗಲಿಯಲ್ಲಿ ಜನ ಸೇರಿದ್ದರು. ನಾನು ಎದ್ದು ನಿಂತೆ. ಕೆಂಪು ವೈರು, ಅದನ್ನು ಸಿಕ್ಕಿಸಿದ ಜಾಗ, ಯಾರ ಕೈ, ಎಲ್ಲ ಹೇಳಿದೆ. ಮುನಿವೆಂಕಟಪ್ಪ ನಕ್ಕು ಅಂದರು:

"ಅವ್ರು ಉಬ್ಬಳ್ಳಿ ಕಡೆಯೋರು ಸಾರ್. ನಮ್ಮೂರ ಇಚಾರ ಅವ್ರಿಗೇನು ಗೊತ್ತು?"

"ವೈರ್ ನೋಡಾಕ ಯಾವ ಊರಾದ್ರೇನ್ರೀ? ಕಣ್ಣಿದ್ರ ಸಾಕು!"

ಎರಡು ವರ್ಷ ತಿದ್ದಿಕೊಂಡಿದ್ದ ಮಾತೆಲ್ಲ ಆ ಸಿಟ್ಟಿನಲ್ಲಿ ಹಾರಿಹೋಗಿತ್ತು. ಯಾರೋ ಕಿಸಕ್ಕೆಂದರು. ಇಂಜಿನಿಯರ್ ನಗಲಿಲ್ಲ. ಬೋರ್ಡಿನಲ್ಲಿ ಆ ಸತ್ತ ಫೇಸಿನ ಫ್ಯೂಸ್ ಕಿತ್ತು ನೋಡಿದರು, ಹಿಂದಕ್ಕೆ ಹರಿದ ಕರೆಂಟಿಗೆ ಬೆಂದು ಕಪ್ಪಾದ ತಾಮ್ರದ ತಂತಿ ಇನ್ನೂ ಅಲ್ಲೇ ಇತ್ತು. ಅದನ್ನು ತೆಗೆಯಲು ಯಾರಿಗೂ ಹೊಳೆದಿರಲಿಲ್ಲ.

ನಂಜುಂಡನ ಕೆಲಸ ಉಳಿಯಿತು. ಬೆರಳುಗಳು ಪೂರ್ತಿ ಮಡಚುವುದಿಲ್ಲ, ಆಫೀಸಿನಲ್ಲಿ ಕೂರಿಸಿದ್ದಾರೆ. ನಮಗೆ ಬಾವಿಯ ನೀರು ನಿಂತಿತು. ಮನೆ ಖಾಲಿ ಮಾಡಿ ಅಂದರು. ಸುಣ್ಣಬಣ್ಣವೂ ಆಗದ ನಮ್ಮ ಹೊಸ ಮನೆಗೆ ಗಾಡಿಯಲ್ಲಿ ನೀರು ತರಿಸಿಕೊಂಡು ಹೊಕ್ಕೆವು. ಚೇಂಜ್ ಓವರ್ ಸ್ವಿಚ್ಚನ್ನು ನಾನೇ ಎದುರು ನಿಂತು ಹಾಕಿಸಿದೆ, ಶಿವಣ್ಣ ಈ ಸಲ ತಮಾಷೆ ಮಾಡಲಿಲ್ಲ. ಜಯಮ್ಮ ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾರೆ.

ಹೋದ ತಿಂಗಳು ಹುಬ್ಬಳ್ಳಿಗೆ ಹೋದಾಗ ಇದನ್ನೆಲ್ಲ ಅಣ್ಣನಿಗೆ ಹೇಳಿ, ಆ ಬೀದಿಯನ್ನು ಮನಸ್ಸು ತಣಿಯುವಷ್ಟು ಬೈದೆ. ಅಣ್ಣ ತಲೆಯಾಡಿಸಿ ಅಂದ: "ಆ ಬೆಂಗಳೂರ ಮಂದೀನ ಹಂಗ. ಮನುಷ್ಯತ್ವ ಇಲ್ಲ."

"ನಿನಗೇನು ಗೊತ್ತು ಅವರ ವಿಚಾರ?" ಎಂದು ನಾನು ಅವನ ಮೇಲೇ ಹರಿಹಾಯ್ದೆ. ತಾಟಿನಲ್ಲಿ ರೊಟ್ಟಿ ಆರುತ್ತಿತ್ತು. ನಾನು ಯಾರ ಪರವಾಗಿ ಇಷ್ಟು ಜೋರಾಗಿ ಕೂಗಿದೆನೆಂದು ಅಣ್ಣನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.