ಹೌಸಕ್ಕ ಮೆಟ್ಟಿಲು ಹತ್ತಲಿಲ್ಲ

ಕೆಲಸಕ್ಕೆ ಸೇರಿದ ಮೊದಲ ದಿನವೇ ನಾನು ಒಬ್ಬ ಹೆಡ್‌ಮಾಸ್ತರರನ್ನು ಕೈಹಿಡಿದು ಅವರದೇ ಶಾಲೆಯೊಳಕ್ಕೆ ನಡೆಸಿಕೊಂಡು ಹೋದೆ.

ತಪ್ಪು ನನ್ನದೊಂದೇ ಅಲ್ಲ ಎಂದು ಎರಡು ವರ್ಷದಿಂದ ವಾದಿಸುತ್ತಿದ್ದೇನೆ, ಯಾರೂ ಒಪ್ಪಿಲ್ಲ. ಕೊಲ್ಹಾಪುರದಲ್ಲಿ ಅಂಗವಿಕಲರೇ ನಡೆಸುವ ಒಂದು ಸಣ್ಣ ಸಂಸ್ಥೆಯಲ್ಲಿ ನನಗೆ ವ್ಯಾನು ಓಡಿಸುವ ಕೆಲಸ ಸಿಕ್ಕಿತ್ತು. ಪ್ರತಿ ಗುರುವಾರ ಅವರು ಒಂದೊಂದು ಶಾಲೆಗೆ ಹೋಗುತ್ತಾರೆ. ಕಣ್ಣು ಕಾಣದೆ, ಕಿವಿ ಕೇಳದೆ, ಕಾಲು ನಡೆಯದೆ ಬದುಕು ಹೇಗೆ ಸಾಗುತ್ತದೆ ಎಂದು ಮಕ್ಕಳ ಮುಂದೆ ತಾವೇ ಹೇಳುತ್ತಾರೆ. ಅವತ್ತು ಆಫೀಸಿನಲ್ಲಿ ನನಗೆ ಹೇಳಿದ್ದಿಷ್ಟು: ಹೌಸಕ್ಕನನ್ನು ಕಸಬಾ ಬಾವಡಾದ ಮನೆಯಿಂದ ಹತ್ತಿಸಿಕೊಳ್ಳಬೇಕು; ಕಣ್ಣು ಕಾಣದ ಅಣ್ಣ ಒಬ್ಬರು ಶಾಲೆಯ ಗೇಟಿನ ಹತ್ತಿರ ಇರುತ್ತಾರೆ, ಅವರನ್ನು ಒಳಗೆ ಕರೆದೊಯ್ಯಬೇಕು.

ಗೇಟಿನಲ್ಲಿ ಕಪ್ಪು ಕನ್ನಡಕದವರು ಒಬ್ಬರು ಒಂದು ಕೈ ಮುಂದೆ ಚಾಚಿಕೊಂಡು ನಿಂತಿದ್ದರು. ಓಡಿಹೋಗಿ ಆ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

"ಹೆದರಬ್ಯಾಡ್ರಿ ಅಣ್ಣಾ, ನಾ ಅದೀನಿ. ಹಾಂ, ಮೆಟ್ಟಲಾ ಬಂತು ನೋಡ್ರಿ. ಒಂದ... ಎರಡ... ಸಾವಕಾಶ..."

ಮಹಡಿಗೆ ಹೋಗುವ ಮೂರನೇ ಮೆಟ್ಟಿಲಿನಲ್ಲಿ ಅವರಿಗೆ ಬಾಯಿ ಬಂತು. "ಯಾರಲೇ ನೀ? ಇಪ್ಪತ್ತಾರು ವರ್ಷ ಆತು ಈ ಮೆಟ್ಟಲಾ ಹತ್ತಾಕತ್ತು!"

ಅವರು ಹೆಡ್‌ಮಾಸ್ತರ ಇಂಗಳೆ ಸರ್. ಹಿಂದಿನ ವಾರ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಕೈ ಚಾಚಿದ್ದು ತುಂತುರು ನಿಂತಿತೇ ಎಂದು ನೋಡಲು. ಕಣ್ಣು ಕಾಣದ ಅಣ್ಣ ರಸ್ತೆಯಾಚೆಯ ಅಂಗಡಿಯಲ್ಲಿ ಚಹಾ ಕುಡಿಯುತ್ತ ರೇಡಿಯೋದಲ್ಲಿ ಕ್ರಿಕೆಟ್ ಕೇಳುತ್ತಿದ್ದರು. ವ್ಯಾನಿನ ಹಿಂದಿನ ಸೀಟಿನಲ್ಲಿದ್ದ ಹೌಸಕ್ಕ ಎಷ್ಟು ನಕ್ಕಳೆಂದರೆ ಅವಳ ಊರುಗೋಲೊಂದು ಜಾರಿ ರಸ್ತೆಗೆ ಬಿತ್ತು.

ನಗು ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಅರ್ಧ ಗಂಟೆಯ ನಂತರ ಮುನ್ನೂರು ಮಕ್ಕಳ ಮುಂದೆ ಅವಳು ನನ್ನನ್ನೇ ಎಬ್ಬಿಸಿ ನಿಲ್ಲಿಸಿದಳು. "ಇವನ ಹೆಸರು ರಣಜಿತ. ಕೈಯಾಗ ಬಲ ಐತಿ, ಮನಸಿನ್ಯಾಗ ದಯಾ ಐತಿ. ಏನಿಲ್ಲ ಹೇಳ್ರಿ?" ಮಕ್ಕಳು ನನ್ನ ತಲೆಯ ಕಡೆ ನೋಡಿದರು. "ಕೇಳೂ ರೂಢಿ ಇಲ್ಲ! 'ಸಹಾಯ ಬೇಕೇನ್ರಿ' ಅಂತ ಒಂದ ಮಾತ ಕೇಳಿದ್ರ ಮುಗದ ಹೋಗ್ತಿತ್ತು." ಆ ದಿನದಿಂದ ಜಿಲ್ಲೆಯ ಯಾವ ಶಾಲೆಗೆ ಹೋದರೂ ನಾನೇ ಮೊದಲ ಪಾಠ. ಸಂಬಳ ಮಾತ್ರ ಡ್ರೈವರನದು.

ಹೌಸಾಬಾಯಿ ಶಿಂತ್ರೆಗೆ ಈಗ ಐವತ್ನಾಲ್ಕು. ಕಟ್ಟು ಗಟ್ಟಿ, ದನಿ ಅದಕ್ಕಿಂತ ಗಟ್ಟಿ. ಎರಡೂ ಕಾಲಿಗೆ ಕಬ್ಬಿಣದ ಪಟ್ಟಿ, ಎರಡೂ ಕಂಕುಳಲ್ಲಿ ಊರುಗೋಲು. ಮಕ್ಕಳ ಮುಂದೆ ಕುಳಿತರೆ ಅವಳದು ಎರಡೇ ಕಾಯಿದೆ. ಯಾರು ಏನು ಬೇಕಾದರೂ ಕೇಳಬಹುದು, ಎಲ್ಲದಕ್ಕೂ ಉತ್ತರ ಉಂಟು. ಆದರೆ ಯಾರೂ ಅಳುವಂತಿಲ್ಲ. ಅತ್ತವರು ಎದ್ದುಹೋಗಿ ನೀರು ಕುಡಿದು ಬರಬೇಕು. ಸಾಂಗ್ಲಿ ರಸ್ತೆಯ ಒಂದು ಶಾಲೆಯಲ್ಲಿ ನೀರು ಕುಡಿಯಲು ಎದ್ದುಹೋದವರು ಇಬ್ಬರು ಮಾಸ್ತರರು.

ಮಕ್ಕಳು ಕೇಳುತ್ತಾರೆ: "ಬಾಯಿ, ನೀವು ಸಂಡಾಸಿಗೆ ಹೆಂಗ ಹೋಗ್ತೀರಿ?" ಶಿಕ್ಷಕಿಯರು ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಹೌಸಕ್ಕ ಹೇಳುತ್ತಾಳೆ: "ಬಾಗಿಲಾ ಹಾಕ್ಕೊಂಡ ಹೋಗ್ತೀನಿ. ನೀವು ತೆರಕೊಂಡ ಹೋಗ್ತೀರೇನ?" ಮಕ್ಕಳು ನಕ್ಕು ನಕ್ಕು ಸುಸ್ತಾದ ಮೇಲೆ ನಿಜವಾದ ಉತ್ತರ ಕೊಡುತ್ತಾಳೆ. ಹಿಡಿಕೆ ಎಲ್ಲಿರಬೇಕು, ಬಾಗಿಲು ಎಷ್ಟು ಅಗಲ ಬೇಕು, ಇವರ ಶಾಲೆಯಲ್ಲಿ ಅದು ಇದೆಯೇ ಎಂದು ಎಣಿಸಿ ಹೇಳುತ್ತಾಳೆ. ಎಲ್ಲೂ ಇರುವುದಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಶಾಲು ಹೊದಿಸಿ ತೆಂಗಿನಕಾಯಿ ಕೊಡುವುದು ನಮ್ಮ ಕಡೆಯ ಪದ್ಧತಿ. ಅದನ್ನು ಅವಳು ಬೇಡ ಎನ್ನುವುದಿಲ್ಲ. ಕಾಯಿ ಚಟ್ನಿಗೆ ಹೋಗುತ್ತದೆ. ಶಾಲುಗಳನ್ನು ಕತ್ತರಿಸಿ ಗಲ್ಲಿಯ ಕೂಸುಗಳಿಗೆ ಕುಂಚಿಗೆ ಹೊಲಿಯುತ್ತಾಳೆ. ಅವಳ ಗಲ್ಲಿಯ ಹಸುಗೂಸುಗಳೆಲ್ಲ ಗಣ್ಯ ಅತಿಥಿಗಳಂತೆ ಜರಿಯಂಚಿನಲ್ಲಿ ತೊಟ್ಟಿಲಲ್ಲಿ ಮಲಗಿರುತ್ತವೆ.

ಹೊಲಿಗೆಯೇ ಅವಳ ಅನ್ನ. ಕಾಲಿನಲ್ಲಿ ತುಳಿಯಲಾಗದು, ಆದ್ದರಿಂದ ಬಲಗೈಯಲ್ಲಿ ಚಕ್ರ ತಿರುಗಿಸಿ ಎಡಗೈಯಲ್ಲಿ ಬಟ್ಟೆ ಸರಿಸುತ್ತಾಳೆ. ಮೂರು ಶಾಲೆಯ ಸಮವಸ್ತ್ರ ಅವಳ ಕೈಯಿಂದಲೇ ಹೊರಬರುತ್ತದೆ, ಇಂಗಳೆ ಸರ್ ಶಾಲೆಯದೂ ಸೇರಿ. ಶಾಲೆಯ ಹೆಸರು ಹೇಳುವುದಿಲ್ಲ. ನನಗೆ ಕೆಲಸ ಬೇಕು.

ಅವಳ ಸ್ವಂತ ಶಾಲೆಯ ಕಥೆಯನ್ನು ನಾನು ವ್ಯಾನಿನಲ್ಲಿ ಕೇಳಿದ್ದು, ಅದೂ ಒಂದೇ ಸಲ. ಅಪ್ಪ ಬೆಲ್ಲದ ಗಾಡಿ ಹೊಡೆಯುತ್ತಿದ್ದ. ನಾಲ್ಕನೇ ಇಯತ್ತೆಯವರೆಗೆ ಬೆಲ್ಲದ ದೊಡ್ಡ ಅಚ್ಚುಗಳ ನಡುವೆ ಮಗಳನ್ನು ಕೂಡಿಸಿಕೊಂಡು ಶಾಲೆಗೆ ಬಿಡುತ್ತಿದ್ದ. ಐದನೆಯದು ಹಳೆಯ ವಾಡೆ ಮನೆಯೊಂದರ ಮಹಡಿಯಲ್ಲಿತ್ತು. ಒಂದು ವಾರ ಹೆಗಲ ಮೇಲೆ ಹೊತ್ತು ಹತ್ತಿಸಿದ. ಆಮೇಲೆ ಕಬ್ಬಿನ ಹಂಗಾಮು ಶುರುವಾಯಿತು, ಗಾಡಿ ಬಿಟ್ಟು ಬರಲು ಆಗಲಿಲ್ಲ. ಮಾಸ್ತರರು, "ಮನ್ಯಾಗ ಓದ್ಕೋಲಿ. ಪರೀಕ್ಷಾಕ್ಕ ಕರೀತೀವಿ," ಎಂದರು.

"ಆಮ್ಯಾಲೆ?" ಎಂದೆ.

"ಆಮ್ಯಾಲೇನು, ಇನ್ನೂ ಕರೀತಾರಂತ ಕಾಯಾಕತ್ತೀನಿ. ನೀ ಮುಂದ ನೋಡಿ ಗಾಡಿ ಹೊಡಿ."

ಕಾದು ಸಾಕಾಗಿ, ಮೂವತ್ಮೂರನೇ ವಯಸ್ಸಿನಲ್ಲಿ ತಾನೇ ಫಾರ್ಮು ತುಂಬಿ ಹತ್ತನೆಯದು ಪಾಸಾದಳು. ಪಕ್ಕದ ಬೆಂಚಿನ ಹುಡುಗಿ ಅವಳನ್ನು ಮೇಲ್ವಿಚಾರಕಿ ಎಂದುಕೊಂಡು ಹೆದರಿ ಚೀಟಿ ನುಂಗಿದಳಂತೆ.

ಈ ವರ್ಷ ಮೇ ಕೊನೆಯಲ್ಲಿ ನಾನು ಅವಳ ಮನೆಯಲ್ಲಿದ್ದೆ. ಕಾರ್ಯಕ್ರಮದ ಸಾಮಾನಿನ ಚೀಲ ತರಲು ಹೋಗಿದ್ದೆ, ಭಡಂಗ ಚುರುಮುರಿಯ ತಟ್ಟೆ ಮುಂದೆ ಬಂದಿದ್ದರಿಂದ ಕುಳಿತಿದ್ದೆ. ಅದೇ ಗಲ್ಲಿಯ ಕಾಂಬಳೆ ಆಜಿ ಬಾಗಿಲಿಗೆ ಬಂದು ನಿಂತರು. ಹಿಂದೆ ಮೊಮ್ಮಗಳು ಸಾನಿಕಾ ಗೋಡೆ ಹಿಡಿದು ನಿಂತಿದ್ದಳು. ಹದಿಮೂರರ ಹುಡುಗಿ. ಕಾಲಿನ ಸ್ನಾಯು ಸೋಲುವ ಕಾಯಿಲೆ, ಸಮತಟ್ಟಾದ ಕಡೆ ನಡೆಯುತ್ತಾಳೆ, ಹತ್ತಲಾರಳು.

"ಹೌಸಾ, ಈ ವರ್ಷ ನಮ್ಮ ಸಾನಿಕಾನ ಡ್ರೆಸ್ಸು ಹೊಲಿಯೂದು ಬ್ಯಾಡವ್ವಾ," ಎಂದರು ಆಜಿ.

"ಯಾಕ? ಹುಡುಗಿ ಬೆಳೆಯೂದು ನಿಂತಿತೇನ?"

"ಎಂಟನೇ ಇಯತ್ತೆ ಮ್ಯಾಲೆ ಐತಿ. ಇಂಗಳೆ ಸರ್ ಅಂದ್ರು, ಮನ್ಯಾಗ ಓದ್ಕೋಲಿ, ಪರೀಕ್ಷಾಕ್ಕ ಕರೀತೀವಿ ಅಂತ. ಪಾಪ, ಛಲೋ ಮನುಷ್ಯಾ."

ಚಕ್ರ ನಿಂತಿತು. ಹೌಸಕ್ಕ ಕೊರಳಲ್ಲಿದ್ದ ಅಳತೆಯ ಟೇಪು ತೆಗೆದು ಆಜಿಯನ್ನು ದಾಟಿ ನೋಡಿದಳು. "ಸಾನಿಕಾ, ನಿನ್ನ ಯಾರರೆ ಕೇಳಿದ್ರೇನ?"

ಹುಡುಗಿ ತಲೆ ಅಲ್ಲಾಡಿಸಿದಳು.

"ನಾ ಕೇಳಾಕತ್ತೀನಿ. ಏನ ಬೇಕು?"

"ಸಾಲಿ ಬೇಕು ಅಕ್ಕಾ," ಎಂದಳು ಸಾನಿಕಾ. "ಬೀಜಗಣಿತ ಶುರು ಆಗ್ತೈತಿ. ಆಜಿಗೆ ಬರೂದಿಲ್ಲ."

"ಹೌದಾ? ಹಂಗಾರ ಬಾ ಇಲ್ಲಿ, ಭುಜ ಅಳೀಬೇಕು."

ಮರುದಿನವೇ ನಾವು ಇಂಗಳೆ ಸರ್ ಕೋಣೆಯಲ್ಲಿದ್ದೆವು. ಕೆಟ್ಟ ಮನುಷ್ಯರಲ್ಲ ಅವರು. ನನ್ನನ್ನು ಕಂಡ ಕೂಡಲೇ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು ಅಷ್ಟೇ. ಕೆಳಗೆ ಖಾಲಿ ಕೋಣೆ ಇಲ್ಲ ಎಂದರು. ಇದ್ದ ಒಂದು ದೊಡ್ಡ ಕೋಣೆಯಲ್ಲಿ ಕುಣಿತದ ಲೇಜಿಮ್, ಢೋಲು, ಗಣಪತಿ ಮಂಟಪದ ಸಾಮಾನು ಇತ್ತು. ಶಾಲೆಯ ಲೇಜಿಮ್ ತಂಡ ಜಿಲ್ಲೆಗೆ ಮೊದಲು ಬಂದಿತ್ತು, ಅದರ ಮಾತು ಬಂದರೆ ಸರ್ ಕಣ್ಣು ಹೊಳೆಯುತ್ತಿತ್ತು.

"ಲೇಜಿಮ್‌ಗೂ ಕಾಲಿಲ್ಲ ಸರ್," ಎಂದಳು ಹೌಸಕ್ಕ. "ಆದ್ರೂ ಕೆಳಗಿನ ಖೋಲಿ ಸಿಕ್ಕೈತಿ."

ಸರ್ ನಕ್ಕರು, ಒಪ್ಪಲಿಲ್ಲ. "ಮೀಟಿಂಗಿನ್ಯಾಗ ಇಡ್ತೀನಿ ಬಾಯಿ. ಮುಂದಿನ ವರ್ಷ ನೋಡೂಣು. ಅದಿರಲಿ, ಜೂನ್ ಮೂರನೇ ಗುರುವಾರ ನಮ್ಮಲ್ಲಿ ನಿಮ್ಮ ಕಾರ್ಯಕ್ರಮ ಐತಿ, ಮರೀಬ್ಯಾಡ್ರಿ. ಮ್ಯಾಲಿನ ಹಾಲಿನ್ಯಾಗ."

"ಮರೆಯೂದಿಲ್ಲ," ಎಂದಳು.

ಮುಂದಿನ ವರ್ಷ ಎಂದರೇನು ಎಂದು ಅವಳಿಗೆ ಗೊತ್ತಿತ್ತು. ಒಂದು ವರ್ಷ ಮನೆಯಲ್ಲಿ ಕುಳಿತ ಹುಡುಗಿಗೆ ಮುಂದಿನ ವರ್ಷ ಪುಸ್ತಕವಲ್ಲ, ಪಾತ್ರೆ ಸಿಗುತ್ತದೆ. ಜೂನ್ ಹದಿನೈದಕ್ಕೆ ಶಾಲೆ ಶುರುವಾಯಿತು. ಸಾನಿಕಾ ಹೋಗಲಿಲ್ಲ. ನೀಲಿ ಲಂಗ, ಬಿಳಿ ಅಂಗಿ ಹೊಲಿದು, ಇಸ್ತ್ರಿಯಾಗಿ, ಹೌಸಕ್ಕನ ಮನೆಯ ಗೂಟದಲ್ಲಿ ತೂಗುತ್ತಿದ್ದವು.

ಆ ಗುರುವಾರ ವ್ಯಾನಿನಲ್ಲಿ ಹೌಸಕ್ಕನ ಜೊತೆ ಸಾನಿಕಾ, ಆಜಿ ಇಬ್ಬರೂ ಕುಳಿತರು. ಸಾನಿಕಾ ಹೊಸ ಸಮವಸ್ತ್ರದಲ್ಲಿದ್ದಳು. ಶಾಲೆಯಲ್ಲಿ ಮೆಟ್ಟಿಲ ಬುಡದಲ್ಲಿ ಒಂದು ಕುರ್ಚಿ ಕಾಯುತ್ತಿತ್ತು. ಅದಕ್ಕೆ ಚೆಂಡುಹೂವಿನ ಸರ ಸುತ್ತಿದ್ದರು. ಅದರ ಎರಡೂ ಕಡೆ, ಕುಸ್ತಿಯ ತಾಲೀಮಿಗೆ ಹೋಗುವ ಹತ್ತನೇ ಇಯತ್ತೆಯ ನಾಲ್ವರು ತೋಳು ಮಡಚಿ ನಿಂತಿದ್ದರು.

"ನೀವು ಕೂಡ್ರಿ ಬಾಯಿ, ಹುಡುಗರು ಹೂವಿನಂಗ ಎತ್ತಿಕೊಂಡ ಹೋಗ್ತಾರ," ಎಂದರು ಇಂಗಳೆ ಸರ್, ನಿಜವಾದ ಸಂತೋಷದಿಂದ.

ಹೌಸಕ್ಕ ನನ್ನ ಕಡೆ ತಿರುಗಿದಳು. "ರಣಜಿತಾ, ಇವರು ಏನ ಮರತಾರ?"

ನನ್ನ ಪಾಠ ನನಗೆ ಬಾಯಿಪಾಠ. "ಕೇಳೂದು, ಅಕ್ಕಾ."

"ಹೋದ ಸಲ ನೀವು ಹತ್ತಿದ್ರಲ್ಲ ಬಾಯಿ?" ಎಂದರು ಸರ್. ಹತ್ತಿದ್ದಳು ನಿಜ. ಇಪ್ಪತ್ತೆರಡು ಮೆಟ್ಟಿಲು, ಕಬ್ಬಿಣದ ಕಾಲು ಒಂದೊಂದಾಗಿ ಎಳೆದುಕೊಂಡು. ಮೇಲೆ ತಲುಪಿ ಹತ್ತು ನಿಮಿಷ ಮಾತಾಡಲಾಗದೆ ಕುಳಿತಿದ್ದಳು, ನಾನು ಗಾಳಿ ಹಾಕಿದ್ದೆ.

"ಹತ್ತಾಕ ಬರೂದಿಲ್ಲ ಅಂತಲ್ಲ ಸರ್. ಹತ್ತೂದಿಲ್ಲ." ಊರುಗೋಲುಗಳನ್ನು ನನ್ನ ಕೈಗೆ ಕೊಟ್ಟು ಕೆಳಗಿನ ಮೆಟ್ಟಿಲಿನ ಮೇಲೆ ಕುಳಿತಳು. ಪಕ್ಕದಲ್ಲಿ ಜಾಗ ತಟ್ಟಿ ಸಾನಿಕಾಳನ್ನು ಕೂಡಿಸಿಕೊಂಡಳು. "ನಾವಿಬ್ಬರೂ ಇಲ್ಲೇ. ಮಕ್ಕಳನ್ನ ಕೆಳಗ ಕರೀರಿ. ಇಲ್ಲಂದ್ರ ಶಾಲು ಇಲ್ಲೇ ಕೊಡ್ರಿ, ಮನೀಗೆ ಹೋಗ್ತೀವಿ."

ಇಂಗಳೆ ಸರ್ ಗಡಿಯಾರ ನೋಡಿದರು, ಮೇಲೆ ನೋಡಿದರು, ಕುರ್ಚಿಯ ಹೂವು ನೋಡಿದರು. ಮೇಲಿನಿಂದ ಮುನ್ನೂರು ಮಕ್ಕಳ ಗದ್ದಲ ಕೇಳುತ್ತಿತ್ತು. ಕೊನೆಗೆ ಕೈ ಬೀಸಿದರು. ಮಕ್ಕಳು ಗುಡುಗಿನಂತೆ ಇಳಿದು ಅಂಗಳ ತುಂಬಿದರು. ಎಂಟನೇ ಇಯತ್ತೆಯವರು ಸಾನಿಕಾಳನ್ನು ಕಂಡು, "ಏ ಸಾನ್ಯಾ! ಎಲ್ಲಿ ಹೋಗಿದ್ದಿ?" ಎಂದು ಕೂಗುತ್ತ ಮುಂದಿನ ಸಾಲಿಗೆ ನುಗ್ಗಿದರು.

"ಇಕಿ ಎಲ್ಲೂ ಹೋಗಿಲ್ಲ," ಎಂದಳು ಹೌಸಕ್ಕ. "ನಿಮ್ಮ ವರ್ಗ ಮ್ಯಾಲೆ ಹೋಗೈತಿ." ಆಮೇಲೆ ಲೇಜಿಮ್ ಕೋಣೆಯ ಬೀಗ ತೋರಿಸಿ ನಡೆದದ್ದನ್ನು ನಡೆದಂತೆ ಹೇಳಿದಳು. ಬೆಲ್ಲದ ಗಾಡಿಯ ಕಥೆಯನ್ನೂ ಹೇಳಿದಳು. ಅದನ್ನು ಯಾವ ಶಾಲೆಯಲ್ಲೂ ಅವಳು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಯಾರೂ ನೀರು ಕುಡಿಯಲು ಏಳಲಿಲ್ಲ.

ಎರಡು ದಿನ ಬಿಟ್ಟು, ಶನಿವಾರ ಏನಾಯಿತು ಎಂದು ಇಲ್ಲೇ ಹೇಳಿಬಿಡುತ್ತೇನೆ. ಮೂವತ್ತು ಲೇಜಿಮ್, ನಾಲ್ಕು ಢೋಲು, ಒಂದು ಥರ್ಮಾಕೋಲಿನ ಅರಮನೆ ಮಹಡಿ ಹತ್ತಿದವು. ಹೊತ್ತವರು ಆ ನಾಲ್ವರು ಹುಡುಗರು ಮತ್ತು ನಾನು. ನನ್ನನ್ನು ಮಾತ್ರ ಯಾರೂ ಕೇಳಿರಲಿಲ್ಲ. ಬೀಗದ ಕೈ ಹಿಡಿದು ನಿಂತಿದ್ದ ಇಂಗಳೆ ಸರ್, ಪ್ರತಿ ಸಲ ನಾನು ಹತ್ತುವಾಗ, "ಒಂದ... ಎರಡ... ಸಾವಕಾಶ..." ಎನ್ನುತ್ತಿದ್ದರು.

ಆದರೆ ಆ ಗುರುವಾರ ಅಂಗಳದಲ್ಲಿ ಅವರು ನಗುತ್ತಿರಲಿಲ್ಲ, ಮೀಟಿಂಗು, ನಿಯಮ, ಮುಂದಿನ ವರ್ಷ ಎನ್ನುತ್ತಲೇ ಇದ್ದರು. ಆಗ ಎಂಟನೆಯವರ ಸಾಲಿನಿಂದ ದಪ್ಪ ಕನ್ನಡಕದ ಒಬ್ಬ ಕೈ ಎತ್ತಿದ. ಪೃಥ್ವೀರಾಜ, ವರ್ಗಕ್ಕೆ ಮೊದಲಿಗ.

"ಬಾಯಿ, ಏನ ಬೇಕಾದ್ರೂ ಕೇಳಬಹುದಾ?"

"ಕೇಳು."

"ಮ್ಯಾಲೆ ಗಾಳಿ ಛಲೋ ಬರ್ತೈತಿ. ನಾವು ನಲವತ್ತೆಂಟು ಮಂದಿ ಇದೀವಿ, ಅಕಿ ಒಬ್ಬಾಕಿ. ಒಬ್ಬಾಕಿ ಸಲುವಾಗಿ ನಾವೆಲ್ಲಾ ಯಾಕ ಇಳೀಬೇಕು?"

ವರ್ಗಶಿಕ್ಷಕಿ, "ಏ, ಕೂಡ್ರು!" ಎಂದು ಗದರಿದರು. ಆಜಿ ಸೆರಗು ಬಿಗಿಯಾಗಿ ಹಿಡಿದುಕೊಂಡರು. ಇಂಗಳೆ ಸರ್ ಮಾತು ನಿಲ್ಲಿಸಿ ಉತ್ತರಕ್ಕೆ ಕಿವಿಗೊಟ್ಟರು. ಆ ಪ್ರಶ್ನೆ ಅವರದೇ ಆಗಿತ್ತು, ಕೇಳುವ ಧೈರ್ಯ ಹುಡುಗನಿಗಿತ್ತು.

ಹೌಸಕ್ಕನಿಗೆ ಸಿಟ್ಟು ಬರಲಿಲ್ಲ. ಪೃಥ್ವೀರಾಜನ ಚಪ್ಪಲಿಯಿಂದ ಮೊಣಕಾಲಿನವರೆಗೆ ಒಮ್ಮೆ, ಅಳತೆ ತೆಗೆದುಕೊಳ್ಳುವಂತೆ, ನೋಡಿದಳು.

"ನಿಮಗ ಇಳಿಯಾಕ ಬರ್ತೈತಿ, ಅದಕ್ಕ."